ಎರೆ ಮಣ್ಣಿನಲ್ಲಿ ಕುಸಿಯದ ಸಮಾಧಿ: ನನ್ನ ಅನುಭವ

ಎರೆ ಭೂಮಿಯಲ್ಲಿ, ಅಂದರೆ ಕಪ್ಪು ಮಣ್ಣಿನ ನೆಲದಲ್ಲಿ, ಶ್ರಾವಣದ ಮಳೆಯೊಳಗೆ ಸಮಾಧಿ ತೆಗೆದವರಿಗೆ ಹೆಚ್ಚು ವಿವರಿಸಬೇಕಿಲ್ಲ. ಕುಣಿ ತೋಡುವುದು ದೊಡ್ಡ ಕೆಲಸವಲ್ಲ, ಲಿಂಗಾಯತರಲ್ಲಿ ಹೋದವರನ್ನು ಕೂಡಿಸಲು ಕುಣಿಯ ಮಗ್ಗುಲಿಗೆ ಕೊರೆಯುವ ಗವಿ ನಿಲ್ಲಿಸುವುದೇ ಕೆಲಸ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿದಿದ್ದ ಮಣ್ಣು ನಾಲ್ಕು ಮಳೆ ಬಿದ್ದ ಮೇಲೆ ನೀರು ಕುಡಿದು ಉಬ್ಬುತ್ತದೆ. ಅಂಥ ಮಣ್ಣಿನ ಪಕ್ಕೆಯನ್ನು ಕೊರೆದು ಗವಿ ಮಾಡಿದರೆ ಅದರ ನೆತ್ತಿ ಯಾವ ಗಳಿಗೆಯಲ್ಲಿ ಕಳಚುತ್ತದೆಂದು ಹೇಳಲಾಗದು. ಮೇಲೆ ಐನೋರು (ಕ್ರಿಯೆ ಮಾಡಿಸುವ ಜಂಗಮರು) ಮಂತ್ರ ಹೇಳುತ್ತಿರುವಾಗ ಕೆಳಗೆ ಕೂಡಿಸಿದವರ ತಲೆಯ ಮೇಲೆ ಹೆಂಟೆ ಉದುರುವುದನ್ನು ಮನೆಯವರು ನೋಡಬಾರದು. ನಮ್ಮ ಕಡೆ ಎಷ್ಟೋ ಮನೆಯವರು ನೋಡಿದ್ದಾರೆ.

ನಮ್ಮದು ರೋಣದ ಕಡೆ, ಬೆಣ್ಣಿಹಳ್ಳದ ದಂಡೆಯ ಊರು. ಲಿಂಗಾಯತರ ಮನೆಯಲ್ಲಿ ಯಾರೇ ಲಿಂಗೈಕ್ಯರಾದರೂ ಕುಣಿಯ ಕೆಲಸಕ್ಕೆ ನಮ್ಮ ಓಣಿಯ ನಾಲ್ಕೈದು ಮಂದಿ ನಿಲ್ಲುತ್ತೇವೆ. ಹಿರಿಯರ ಅಳತೆ ನಿಮಗೂ ಗೊತ್ತು: ಹೋದವರ ಪಾದದಿಂದಲೇ ಅಳೆದು ಒಂಬತ್ತು ಪಾದ ಉದ್ದ, ಐದು ಪಾದ ಅಗಲ, ಒಂದು ಮಗ್ಗುಲಿಗೆ ಮೂರು ಮೂಲೆಯ ಗವಿ. ಗರಸು ನೆಲದ, ಅಂದರೆ ಗಟ್ಟಿ ಹರಳು ಮಣ್ಣಿನ ಊರಿನವರಿಗೆ ಈ ಅಳತೆ ಸಾಕು. ಅವರ ಗವಿ ಗುದ್ದಲಿ ಏಟಿಗೂ ಜಗ್ಗುವುದಿಲ್ಲ. ಎರೆಯಲ್ಲಿ ಅಳತೆ ಸರಿಯಿದ್ದರೂ ಮಣ್ಣು ನಿಲ್ಲುವುದಿಲ್ಲ.

ಮೊದಲು ಜಾಲಿ ಹಲಗೆ ಕೊಟ್ಟು ನೋಡಿದೆವು. ಆ ದಿನಕ್ಕೆ ಚೆನ್ನಾಗಿ ನಿಂತಿತು. ಎರಡು ವರ್ಷಕ್ಕೆ ಗೆದ್ದಲು ತಿಂದು, ಮೇಲೆ ಕಟ್ಟಿಸಿದ ಗದ್ದುಗೆ ನಡುವೆ ಸೀಳಿ ಒಂದು ಕಡೆ ವಾಲಿತು. ಗದ್ದುಗೆಗೆ ಆ ಮನೆಯವರು ಸುಮಾರು ಹದಿನೈದು ಸಾವಿರ ಹಾಕಿದ್ದರು. ಆಮೇಲೆ ತಗಡು. ಹಸಿ ಎರೆಯ ಭಾರಕ್ಕೆ ಅದು ಆ ಸಂಜೆಯೇ ಬಾಗಿತು. ಸೆಪ್ಟಿಕ್ ಗುಂಡಿಗೆ ಇಳಿಸುವ ಸಿಮೆಂಟ್ ರಿಂಗ್ ಕೂಡ ತಂದೆವು. ಸಾಗಾಟ ಸೇರಿ ಮೂರು ಸಾವಿರದ ಮೇಲಾಯಿತು. ಮೂರಡಿ ರಿಂಗಿನಲ್ಲಿ ಪದ್ಮಾಸನದ ಮೊಣಕಾಲು ಎರಡೂ ಬದಿಗೆ ತಾಗುತ್ತವೆ. ಮೇಲಿನಿಂದ ಇಳಿದ ನೀರು ಹೊರಗೆ ಹೋಗಲು ದಾರಿಯಿಲ್ಲ, ಕೊಡದಲ್ಲಿ ತುಂಬಿದ ಹಾಗೆ ಒಳಗೇ ನಿಲ್ಲುತ್ತದೆ. ಅದನ್ನು ಅಲ್ಲಿಗೇ ಬಿಟ್ಟೆವು.

ಆಮೇಲೆ ನನ್ನ ತಲೆಗೆ ಹೊಳೆದದ್ದು ಫರಸಿ, ಅಂದರೆ ನೆಲಕ್ಕೆ ಹಾಸುವ ಚಪ್ಪಡಿ ಕಲ್ಲು. ಗವಿ ಕೊರೆಯುವುದನ್ನೇ ಬಿಟ್ಟುಬಿಡುವುದು. ಕುಣಿಯನ್ನು ಮೇಲಿನಿಂದ ಪೂರ್ತಿ ತೆರೆದು, ತಳದಲ್ಲಿ ನಾಲ್ಕು ಶಹಾಬಾದಿ ಫರಸಿಗಳನ್ನು ಆ ಕಡೆ ಎರಡು, ಈ ಕಡೆ ಎರಡು ಓರೆಯಾಗಿ ನಿಲ್ಲಿಸಿ ತುದಿಗೆ ತುದಿ ಕೂಡಿಸುವುದು. ಮೂರು ಮೂಲೆಯ ಗವಿ ತಾನೇ ಆಗುತ್ತದೆ. ಬುಡದಲ್ಲಿ ಅಗಲ, ಮೇಲೆ ಕಿರಿದು. ಪದ್ಮಾಸನದಲ್ಲಿ ಕೂತ ದೇಹದ ಆಕಾರವೂ ಅದೇ. ಹಿರಿಯರು ಗವಿಗೆ ಮೂರು ಮೂಲೆ ಯಾಕೆ ಇಟ್ಟರು ಎಂಬುದು ನನಗೆ ಕಲ್ಲು ಜೋಡಿಸಿದ ದಿನ ಕೈಗೆ ತಿಳಿಯಿತು.

ಊರಲ್ಲಿ ಒಪ್ಪಲಿಲ್ಲ. ಮಠದ ಕಟ್ಟೆಯ ಮೇಲೆ ಹಿರಿಯರೊಬ್ಬರು ನನ್ನನ್ನು ನಿಲ್ಲಿಸಿ ಕೇಳಿದರು: “ತಮ್ಮಾ, ಸತ್ತವರಿಗೆ ಕಲ್ಲಿನ ಮನಿ ಯಾಕೋ? ಮಣ್ಣು ಮಣ್ಣಿಗೆ ಕೂಡಬೇಕಲ್ಲ?” ಅವರ ಮಾತಿನಲ್ಲಿ ತಪ್ಪಿರಲಿಲ್ಲ. “ಕಾಕಾ, ತಳಕ್ಕ ಕಲ್ಲಿಲ್ರೀ. ಬರೇ ನೆಲದ ಮ್ಯಾಲೇ ಕೂಡ್ತಾರ. ಮುಂದನೂ ಮಣ್ಣ, ಹಿಂದನೂ ಮಣ್ಣ. ಕಲ್ಲು ಬರೇ ಮಳಿ ತಡೀತೈತಿ,” ಅಂದೆ. ಸುಣ್ಣ, ಸಿಮೆಂಟು ಏನನ್ನೂ ಮುಟ್ಟಿಸುವುದಿಲ್ಲ, ಕಲ್ಲಿಗೆ ಕಲ್ಲು ಒರಗಿಸುತ್ತೇನೆ ಅಷ್ಟೇ ಎಂದೂ ಹೇಳಿದೆ. ಆದರೂ “ನಾಲ್ಕು ದಿನಕ್ಕ ಜಾರಿ ಬೀಳ್ತಾವು” ಎಂದವರೇ ಹೆಚ್ಚು. ಪಕ್ಕದೂರಿನ ಒಬ್ಬ ಗೌಂಡಿ (ಮನೆ ಕಟ್ಟುವ ಮೇಸ್ತ್ರಿ) ಕುಣಿಯ ದಂಡೆಗೆ ಬಂದು ನಿಂತು, ಇದು ನಿಲ್ಲುವುದಿಲ್ಲ ಅಂತ ಎಲ್ಲರೆದುರು ಹೇಳಿ ಹೋದ.

ನಿಂತಿತು. 2019ರ ಆಗಸ್ಟಿನಲ್ಲಿ ಮಲಪ್ರಭೆ ಏರಿ, ಇತ್ತ ಬೆಣ್ಣಿಹಳ್ಳವೂ ತುಂಬಿ ನಮ್ಮ ರುದ್ರಭೂಮಿಯ ಅರ್ಧ ನೀರಲ್ಲಿತ್ತು. ನೀರಿಳಿದ ಮೇಲೆ ಹೋಗಿ ನೋಡಿದರೆ ಹಳೆಯ ಸಮಾಧಿಗಳಲ್ಲಿ ಮೊಣಕಾಲಷ್ಟು ತಗ್ಗು ಬಿದ್ದಿದ್ದವು. ಫರಸಿ ಕೊಟ್ಟವು ಅಂಗೈಯಷ್ಟೂ ಇಳಿದಿರಲಿಲ್ಲ. ಅದೇ ಗೌಂಡಿ ಮುಂದಿನ ವರ್ಷ ತನ್ನ ತಂದೆಗೆ ಹೀಗೇ ಮಾಡಿಕೊಡು ಎಂದು ಮನೆಗೆ ಬಂದ. ಈಗ ಸುತ್ತಲ ಏಳೆಂಟು ಊರಿನವರು ಮಳೆಗಾಲದಲ್ಲಿ ಫೋನು ಮಾಡುತ್ತಾರೆ.

ಅಳತೆಯ ಮಾತು. ನಾಲ್ಕು ಅಡಿ ಉದ್ದದ ಫರಸಿ ಸಾಧಾರಣ ಮೈಕಟ್ಟಿಗೆ ಸಾಲುತ್ತದೆ. ಎತ್ತರದವರಿದ್ದರೆ, ಅದರಲ್ಲೂ ತಲೆಗೆ ರುಮಾಲು ಸುತ್ತಿ ಕೂಡಿಸುವ ಮನೆಯಾದರೆ ನಾಲ್ಕೂವರೆ ಬೇಕೇ ಬೇಕು. ಬುಡದ ಅಗಲ ನಾಲ್ಕಡಿ ದಾಟಿಸಬೇಡಿ, ನೆತ್ತಿ ತಗ್ಗುತ್ತದೆ. ದಪ್ಪ ಒಂದೂವರೆ ಇಂಚಿಗೆ ಕಡಿಮೆಯಿರಬಾರದು. ಅಂಗಡಿಯವರು ತೋರಿಸುವ ಪಾಲಿಶ್ ಫರಸಿ ನೆಲಕ್ಕೆ ಸರಿ, ನಮ್ಮ ಕೆಲಸಕ್ಕೆ ತೀರಾ ತೆಳುವು. ಒರಟು ಫರಸಿಯನ್ನೇ ಕೇಳಿ, ಕೊಳ್ಳುವ ಮುಂಚೆ ಸುತ್ತಿಗೆಯಿಂದ ತಟ್ಟಿ. ಖಣಖಣ ಅಂದರೆ ತನ್ನಿ, ಬದ್ದ ಅಂದರೆ ಒಳಗೆ ಪದರು ಬಿಟ್ಟಿದೆ. ಒಂದೊಂದು ಎಪ್ಪತ್ತು ಎಂಬತ್ತು ಕೆಜಿ ತೂಗುತ್ತದೆ. ನಾಲ್ಕು ಮಂದಿ ಹಗ್ಗದಲ್ಲಿ ಇಳಿಸಬಹುದು.

ಬುಡ ಜಾರದಂತೆ ನೆಲದಲ್ಲಿ ಸಣ್ಣ ಕಾಲುವೆಯಂತೆ ಕಡಿದು ಕಲ್ಲು ಕೂಡಿಸಬೇಕು. ಎರಡೂ ಬೆನ್ನಿಗೆ ಗರಸನ್ನು ಸಮಸಮನಾಗಿ ಏರಿಸಬೇಕು. ಜೆಸಿಬಿ ಡ್ರೈವರನಿಗೆ ಇಲ್ಲಿ ಕೈ ಹಾಕಗೊಡಬೇಡಿ. ಅವನು ಒಂದೇ ಬದಿಗೆ ಬಕೆಟ್ ಸುರಿದರೆ ನಾಲ್ಕೂ ಕಲ್ಲು ಆ ಕಡೆ ನೂಕಿಕೊಂಡು ಹೋಗುತ್ತವೆ. ಕುಣಿ ತೆಗೆಯುವ ತನಕ ಅವನ ಕೆಲಸ, ತುಂಬುವುದು ಬುಟ್ಟಿಯಲ್ಲೇ. ನೆತ್ತಿಯಲ್ಲಿ ಕಲ್ಲುಗಳು ಕೂಡುವ ಕಡೆ ನಾನೊಂದು ಚಿಕ್ಕ ಕೆಲಸ ಮಾಡುತ್ತೇನೆ. ಅದನ್ನು ಬರೆದು ಹೇಳಿದರೆ ತಪ್ಪು ಮಾಡುತ್ತೀರಿ, ಬಂದು ನೋಡಿ ಕಲಿಯಬೇಕು.

ಖರ್ಚು ನೆನಪಿನಿಂದ ಹೇಳುವುದಾದರೆ ಫರಸಿಗೆ ಸಾವಿರದೈನೂರರ ಆಚೀಚೆ, ಟಂಟಂ (ಸರಕಿನ ಆಟೊ) ಬಾಡಿಗೆ ನಾನೂರು ಐನೂರು, ಅರ್ಧ ಟ್ರಾಲಿ ಗರಸು ಎಂಟುನೂರು, ಜೆಸಿಬಿ ಒಂದು ತಾಸಿಗೆ ಸಾವಿರದ ಮೇಲೆ. ಮುಂಚೆ ಮಳೆಗಾಲದಲ್ಲಿ ನೀರೆತ್ತುವ ಪಂಪು, ಎರಡನೇ ಸಲ ತೋಡುವ ಆಳಿನ ಕೂಲಿ, ವರ್ಷದ ಮೇಲೆ ಗದ್ದುಗೆ ದುರಸ್ತಿ ಎಲ್ಲ ಸೇರಿ ಇದರ ಎರಡರಷ್ಟು ಹೋಗುತ್ತಿತ್ತು. ಹೋದವರನ್ನು ಕೂಡಿಸಿ ಒಯ್ಯುವ ಅಲಂಕಾರದ ವಿಮಾನಕ್ಕೆ ಬಾಳೆಗಿಡ, ಚೆಂಡುಹೂ ಅಂತ ನಾಲ್ಕೈದು ಸಾವಿರ ಸುರಿಯುವ ಮನೆಗಳು ಕುಣಿಗೆ ಸಾವಿರ ರೂಪಾಯಿ ಬಿಚ್ಚಲು ಹಿಂದೆಮುಂದೆ ನೋಡುತ್ತವೆ. ಹೂವು ಸ್ಮಶಾನದ ಬಾಗಿಲ ತನಕ. ಆಮೇಲೆ ಅವರಿಗೆ ಇರುವುದು ಆ ಗವಿ ಒಂದೇ. ಇದನ್ನು ನಾನು ಪ್ರತಿ ಮನೆಯಲ್ಲೂ ಬಾಯಿ ಬಿಟ್ಟು ಹೇಳುತ್ತೇನೆ.

ಉಪ್ಪಿನದೂ ಒಂದು ಪ್ರಯೋಗ ಮಾಡಿದೆ. ನಮ್ಮಲ್ಲಿ ಚೀಲಗಟ್ಟಲೆ ಉಪ್ಪು ಹಾಕುವ ರೂಢಿ ಇದೆ. ಎರೆಯಲ್ಲಿ ಉಪ್ಪು ನೀರನ್ನು ಎಳೆದುಕೊಂಡು ಸುತ್ತಲ ಮಣ್ಣನ್ನು ಇನ್ನಷ್ಟು ಕೆಸರು ಮಾಡುತ್ತದೆ. ಒಂದು ಕಡೆ ಪೂರ್ತಿ, ಇನ್ನೊಂದು ಕಡೆ ಅರ್ಧ, ಮತ್ತೊಂದು ಕಡೆ ಬೊಗಸೆಯಷ್ಟೇ ಹಾಕಿ ವರ್ಷದ ಮೇಲೆ ಮೇಲ್ಮಣ್ಣು ನೋಡಿದೆ. ಬೊಗಸೆ ಹಾಕಿದ್ದೇ ಗಟ್ಟಿಯಾಗಿತ್ತು. ಈಗ ಶಾಸ್ತ್ರಕ್ಕೆ ಬೊಗಸೆ ಉಪ್ಪು, ಮಿಕ್ಕಿದ್ದಕ್ಕೆಲ್ಲ ವಿಭೂತಿ. ವಿಭೂತಿ ಗಟ್ಟಿಯನ್ನು ಬಾದಾಮಿ ಹತ್ತಿರದ ಶಿವಯೋಗ ಮಂದಿರದಿಂದಲೇ ತರಿಸುತ್ತೇನೆ. ಸಗಣಿ ಸುಟ್ಟು ಮಾಡಿದ್ದು ಕೈಗೆ ಹಗುರ, ನುಣುಪು. ಪೇಟೆಯಲ್ಲಿ ಸಿಗುವ ಸುಣ್ಣದ ಬಿಲ್ಲೆಯನ್ನು ಆ ಹೊತ್ತಿಗೆ ಬಳಸಲು ನನಗೆ ಮನಸ್ಸು ಬರುವುದಿಲ್ಲ.

ಈಗಿನ ದೊಡ್ಡ ತೊಡಕು ಫ್ರೀಜರ್ ಪೆಟ್ಟಿಗೆ. ಮಗ ಬೆಂಗಳೂರಿಂದ ಬರಬೇಕು, ಮಗಳು ಪುಣೆಯಿಂದ ಬರಬೇಕು ಅಂತ ಉದ್ದಕ್ಕೆ ಮಲಗಿಸಿ ಇಟ್ಟುಬಿಡುತ್ತಾರೆ. ದೇಹ ಸೆಟೆದ ಮೇಲೆ ಪದ್ಮಾಸನಕ್ಕೆ ಕಾಲು ಮಡಚುವುದಿಲ್ಲ. ಹೊರಗಿದ್ದರೆ ಆ ಬಿಗಿ ಒಂದೂವರೆ ಎರಡು ದಿನಕ್ಕೆ ತಾನೇ ಸಡಿಲುತ್ತದೆ, ತಣ್ಣಗಿದ್ದರೆ ಇನ್ನೂ ಎಳೆಯುತ್ತದೆ. ಫೋನು ಬಂದ ತಕ್ಷಣ ನಾನು ಹೇಳುವ ಮೊದಲ ಮಾತು: ಉಸಿರು ನಿಂತು ಎರಡು ತಾಸಿನೊಳಗೆ ಗೋಡೆಗೆ ಒರಗಿಸಿ ಕೂಡಿಸಿರಿ, ತಲೆ ನಿಲ್ಲಿಸಲು ಗೋಡೆಗೆ ಹೊಡೆಯುವ ಗೂಟಕ್ಕೆ ಮೆತ್ತನೆ ಬಟ್ಟೆ ಕಟ್ಟಿರಿ, ಎಡಗೈಯನ್ನು ಇಷ್ಟಲಿಂಗ ಹಿಡಿಯುವ ಹಾಗೆ ಮಡಿಲಲ್ಲಿಡಿರಿ. ಪೆಟ್ಟಿಗೆ ಬೇಡ, ಕೂಡಿಸಿದಲ್ಲೇ ಸುತ್ತ ಬರ್ಫದ ಗಟ್ಟಿ ಇಡಿ. ಸೆಟೆದೇ ಬಂದರೆ ಅವಸರ ಮಾಡಿ ಎಳೆಯಬಾರದು. ಬೆಚ್ಚನೆಯ ಒದ್ದೆ ಬಟ್ಟೆ ಸುತ್ತಿ ಮೊದಲು ಸೊಂಟ, ಆಮೇಲೆ ಮೊಣಕಾಲು, ಸ್ವಲ್ಪ ಸ್ವಲ್ಪವೇ ಆಡಿಸುತ್ತ ಬರಬೇಕು. ಮುಕ್ಕಾಲು ತಾಸು ಹಿಡಿಯುತ್ತದೆ. ಆ ಹೊತ್ತಿಗೆ ಹೆಂಗಸರನ್ನು, ಮಕ್ಕಳನ್ನು ಒಳಕೋಣೆಗೆ ಕಳಿಸಿ ಬಾಗಿಲು ಮುಚ್ಚಿಸುತ್ತೇನೆ. ಕುತ್ತಿಗೆ ಬಾಗದಂತೆ ಹಾಕುವ ಕಟ್ಟು ನಮ್ಮ ಅಜ್ಜನ ಕೈಯದು, ಮನೆತನದ ಹೊರಗೆ ಕೊಟ್ಟಿಲ್ಲ.

ಮುಖ ಉತ್ತರಕ್ಕೋ ಪೂರ್ವಕ್ಕೋ, ಐನೋರು ಹೋದವರ ತಲೆಯ ಮೇಲೆ ಪಾದ ಇಡಬೇಕೋ ಬೇಡವೋ, ಮಂತ್ರವೋ ವಚನವೋ, ಇದು ಆಯಾ ಮನೆಯವರಿಗೆ ಬಿಟ್ಟದ್ದು. ಕುಣಿ ತೆಗೆಯುವ ಮುಂಚೆ ದಿಕ್ಕು ಮಾತ್ರ ಕೇಳಿಕೊಳ್ಳಿ, ಕಲ್ಲು ನಿಲ್ಲಿಸಿದ ಮೇಲೆ ತಿರುಗಿಸಲು ಬರುವುದಿಲ್ಲ. ಮಠದ ಹಿತ್ತಲಲ್ಲಿ ನಾಲ್ಕಡಿಯ, ನಾಲ್ಕೂವರೆಯ ಫರಸಿಗಳನ್ನು ಸದಾ ಒರಗಿಸಿ ಇಟ್ಟಿರುತ್ತೇನೆ. ಬಳಸಿದವರು ತಿಂಗಳೊಳಗೆ ಹೊಸದು ತಂದಿಡಬೇಕು. ನೀವು ಶುರು ಮಾಡುವುದಾದರೆ ಕಲ್ಲನ್ನೂ ಗರಸನ್ನೂ ರೋಹಿಣಿ ಮಳೆ ಬೀಳುವ ಮುಂಚೆಯೇ ತಂದು ಹಾಕಿಕೊಳ್ಳಿ. ಮಳೆ ಹಿಡಿದ ಮೇಲೆ ಎರೆ ದಾರಿಯಲ್ಲಿ ಟ್ರಾಲಿ ಬರುವುದಿಲ್ಲ.