ಬೇಸ್‌ಲೈನಿನಲ್ಲಿ ರಾಜ, ನೆಟ್ ಹತ್ತಿರ ಪಾಪರ್

ಟೆನಿಸ್ ವಿಡಿಯೋ ಗೇಮ್ ಶುರು ಮಾಡಿದ ಮೊದಲ ಎರಡು ವಾರ ನಾನು ಒಂದು ಸೆಟ್ಟೂ ಗೆಲ್ಲಲಿಲ್ಲ. ಚೆಂಡು ಬಂತು ಅಂತ ಬಟನ್ ಬಿಟ್ಟರೆ ಪರದೆಯ ಮೇಲೆ ‘ತಡವಾಯಿತು’ ಅನ್ನುವ ಸೂಚನೆ. ಸ್ವಲ್ಪ ಮೊದಲೇ ಬಿಡೋಣ ಅಂದರೆ ಚೆಂಡು ಗೆರೆಯಾಚೆ. ವಯಸ್ಸಾಯಿತು, ಬೆರಳು ಓಡುತ್ತಿಲ್ಲ ಅಂದುಕೊಂಡೆ. ನೋಡಿದರೆ ಬೆರಳು ಸರಿಯಾಗೇ ಇತ್ತು, ಕಿತಾಪತಿ ಟಿವಿಯದು. ಚಿತ್ರ ನುಣುಪಾಗಿ ಕಾಣಲಿ ಅಂತ ಅದು ಪ್ರತಿ ಫ್ರೇಮನ್ನೂ ತಿದ್ದಿ ತೀಡಿ ಆಮೇಲೆ ತೋರಿಸುತ್ತಿತ್ತು. ಸೆಕೆಂಡಿಗೆ 60 ಫ್ರೇಮ್ ಓಡುವಾಗ ಒಂದು ಫ್ರೇಮಿಗೆ ಸುಮಾರು 17 ಮಿಲಿಸೆಕೆಂಡ್. ನಾಲ್ಕೈದು ಫ್ರೇಮ್ ಹಿಂದೆ ಬಿದ್ದರೆ ಟೆನಿಸ್ ಆಡಿದ ಹಾಗೇ! ಟಿವಿಯನ್ನು ಈ ತಿದ್ದುವ ಕೆಲಸ ಕಡಿಮೆ ಮಾಡುವ ಗೇಮ್ ಮೋಡ್‌ಗೆ ಹಾಕಿದೆ. ಅವತ್ತೇ 6-4.

ಆಮೇಲೆ ಕಲಿತದ್ದು ಬಟನ್ನಿನ ಗುಟ್ಟು. ತಟ್ಟಿ ಬಿಟ್ಟರೆ ಜಾಗ ನೋಡಿ ಇಡುವ ಹೊಡೆತ, ಒತ್ತಿ ಹಿಡಿದು ಬಿಟ್ಟರೆ ಜೋರಿನ ಹೊಡೆತ. ಬಟನ್ ಒತ್ತುವ ತನಕ ಎಡ ಸ್ಟಿಕ್ ಆಟಗಾರನನ್ನು ಓಡಿಸುತ್ತದೆ. ಒತ್ತಿದ ಮೇಲೆ ಅದೇ ಸ್ಟಿಕ್ ಗುರಿ ಹಿಡಿಯುತ್ತದೆ. ಇದು ತಲೆಗೆ ಹೋಗುವ ತನಕ ನನ್ನ ಆಟಗಾರ ಒಂದು ಕಡೆ, ಚೆಂಡು ಇನ್ನೊಂದು ಕಡೆ. ಈಗ ಚೆಂಡು ನೆಟ್ ದಾಟುವ ಮೊದಲೇ ಒತ್ತಿ ಹಿಡಿಯುತ್ತೇನೆ. ಅದು ನೆಲಕ್ಕೆ ಬಡಿದು ಮೇಲೇಳುವಾಗ ಬಿಡುತ್ತೇನೆ. ಟೈಮಿಂಗ್ ತೋರಿಸುವ ಪಟ್ಟಿಯನ್ನೂ ಆಫ್ ಮಾಡಿದ್ದೇನೆ. ಅದಿದ್ದರೆ ಕಣ್ಣು ಪಟ್ಟಿಯ ಮೇಲೇ ಇರುತ್ತದೆ, ಎದುರಾಳಿ ಎಲ್ಲಿ ನಿಂತಿದ್ದಾನೆ ಅಂತ ಕಾಣುವುದೇ ಇಲ್ಲ.

ಎದುರಾಳಿಯನ್ನು ನೋಡತೊಡಗಿದ ಮೇಲೆ ಆಟದ ನಿಜವಾದ ರುಚಿ ಸಿಕ್ಕಿತು. ಮಣ್ಣಿನ ಅಂಕಣದಲ್ಲಿ ಚೆಂಡು ನಿಧಾನವಾಗಿ, ಎತ್ತರಕ್ಕೆ ಏಳುತ್ತದೆ. ಒಂದೇ ಏಟಿಗೆ ಪಾಯಿಂಟ್ ಮುಗಿಸುತ್ತೇನೆ ಅನ್ನುವ ಆಸೆ ಬಿಡಬೇಕು. ಮೂರು ಸಲ ಅವನ ಬ್ಯಾಕ್‌ಹ್ಯಾಂಡ್ ಮೂಲೆಗೇ ಟಾಪ್‌ಸ್ಪಿನ್ (ಚೆಂಡು ಮುಂದಕ್ಕೆ ಉರುಳುವಂತೆ ತಿರುಗಿಸುವ ಹೊಡೆತ) ಕೊಟ್ಟೆ. ಪ್ರತಿ ಸಲವೂ ಒಂದೊಂದು ಹೆಜ್ಜೆ ಹೊರಗೆ ಸರಿದ. ನಾಲ್ಕನೆಯದು ಖಾಲಿ ಬಿದ್ದ ಕಡೆಗೆ, ನೇರವಾಗಿ, ಜೋರಾಗಿ. ಅವನು ಓಡಲೂ ಇಲ್ಲ. ಇಂಥ ಪಾಯಿಂಟ್ ಕಟ್ಟುವ ಸುಖವನ್ನು ಈ ಆಟ ಧಾರಾಳವಾಗಿ ಕೊಡುತ್ತದೆ. ಜೋರಿನ ಹೊಡೆತಕ್ಕೆ ದಮ್ಮು ಖರ್ಚಾಗುತ್ತದೆ ಅನ್ನುವ ಲೆಕ್ಕವೂ ಚೆನ್ನಾಗಿದೆ, ಮೂರನೇ ಸೆಟ್ಟಿಗೆ ಉಳಿಸಿಕೊಳ್ಳಬೇಕು.

ನೆಟ್ ಕಡೆ ಹೋದರೆ ಮಾತ್ರ ಕಥೆ ಬೇರೆ. ಕ್ಯಾಮೆರಾ ನನ್ನ ಆಟಗಾರನ ಬೆನ್ನ ಹಿಂದೆ, ಎತ್ತರದಲ್ಲಿ. ಬೇಸ್‌ಲೈನಿನಲ್ಲಿ, ಅಂದರೆ ಅಂಕಣದ ಹಿಂದಿನ ಗೆರೆಯ ಹತ್ತಿರ, ಇದ್ದಾಗ ಚೆಂಡು ನೆಲಕ್ಕೆ ಬೀಳುತ್ತದೆ, ಅದರ ನೆರಳು ಕಾಣುತ್ತದೆ, ದೂರ ಅಂದಾಜಾಗುತ್ತದೆ. ವಾಲಿಯಲ್ಲಿ, ಅಂದರೆ ಚೆಂಡನ್ನು ಗಾಳಿಯಲ್ಲೇ ಹೊಡೆಯುವಾಗ, ಅದು ಪುಟಿಯುವುದೇ ಇಲ್ಲವಲ್ಲ, ಎದೆ ಎತ್ತರಕ್ಕೆ ಬರುತ್ತಿದೆಯೋ ಮೊಣಕಾಲಿಗೋ ಗೊತ್ತಾಗುವುದರೊಳಗೆ ಪಾಯಿಂಟ್ ಮುಗಿದಿರುತ್ತದೆ. ಮೇಲಾಗಿ ಕಂಪ್ಯೂಟರ್ ಆಟಗಾರ ಒತ್ತಡದಲ್ಲೂ ಅಳತೆ ಹಿಡಿದಂತೆ ನನ್ನ ತಲೆ ಮೇಲಿಂದ ಹಾರುವ ಲಾಬ್ ಎತ್ತುತ್ತಾನೆ. ಮನುಷ್ಯರು ಮಾಡುವ ದಡ್ಡ ತಪ್ಪು ಅವನಿಂದ ಆಗುವುದು ಅಪರೂಪ. ಕಷ್ಟದ ಮಟ್ಟ ಏರಿಸಿದರೆ ಜಾಣನಾಗುವ ಬದಲು ಬರೀ ವೇಗವಾಗುತ್ತಾನೆ. ನನ್ನ ದೊಡ್ಡ ತಕರಾರು ಇದೇ. ಕರಿಯರ್ ಮೋಡ್ ಬಗ್ಗೆ ಹೇಳುವುದಕ್ಕೆ ಹೆಚ್ಚಿಲ್ಲ: ತರಬೇತಿ, ಪಂದ್ಯ, ವಿಶ್ರಾಂತಿ, ಮತ್ತೆ ತರಬೇತಿ.

1958ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ಭೌತವಿಜ್ಞಾನಿ ವಿಲಿಯಂ ಹಿಗಿನ್‌ಬಾಥಮ್ ಆಸಿಲೋಸ್ಕೋಪ್ (ವಿದ್ಯುತ್ ಸಂಕೇತಗಳನ್ನು ಗೆರೆಯಾಗಿ ತೋರಿಸುವ ಉಪಕರಣ) ಪರದೆಯ ಮೇಲೆ ಒಂದು ಟೆನಿಸ್ ಆಟ ಮಾಡಿದ್ದರು. ಕೋನ ಬದಲಿಸಲು ತಿರುಗಿಸುವ ಗುಂಡಿ, ಹೊಡೆಯಲು ಒಂದು ಬಟನ್, ಅಷ್ಟೇ. ಪರದೆಯ ಮೇಲೆ ಆಟಗಾರನೇ ಇರಲಿಲ್ಲ. ನಾನಾಡುವ ಆಟದ ಗಟ್ಟಿ ಭಾಗವೂ ಅದೇ, ಎಲ್ಲಿಗೆ ಮತ್ತು ಯಾವಾಗ. ಕಾಲಿನ ಕೆಲಸ ಬಂದ ಕೂಡಲೇ ಎಡವುತ್ತದೆ.

ಹಾಗಂತ ನೆಟ್ ಬಿಟ್ಟಿಲ್ಲ. ಚೆಂಡಿನ ಅಡಿಯನ್ನು ಸವರಿ ಹಿಂದಕ್ಕೆ ತಿರುಗಿಸುವ ಸ್ಲೈಸ್ ಕೊಟ್ಟು, ಚೆಂಡು ತೇಲಿ ಹೋಗುವ ಹೊತ್ತಿನಲ್ಲಿ ಮುಂದೆ ನುಗ್ಗುತ್ತೇನೆ. ಸರ್ವಿಸ್ ಗೆರೆ ದಾಟುವಷ್ಟರಲ್ಲಿ ನಿಂತುಬಿಡುತ್ತೇನೆ. ಇನ್ನೂ ಒಳಗೆ ಹೋದರೆ ಲಾಬ್ ಗ್ಯಾರಂಟಿ. ಹತ್ತು ಸಲ ಹೋದರೆ ನಾಲ್ಕು ಸಲ ಗೆಲ್ಲುತ್ತೇನೆ, ಉಳಿದ ಆರು ಸಲ ತಲೆ ಮೇಲೆ ಹಾರುವ ಚೆಂಡನ್ನು ನೋಡುತ್ತಾ ನಿಲ್ಲುತ್ತೇನೆ.