ನೀರಿನ ಮಟ್ಟದ ದಾಖಲೆಯಲ್ಲಿ ಯಾವ ತಪ್ಪನ್ನು ಮೊದಲು ತಿದ್ದಬೇಕು? ನನ್ನ ಅನುಭವ

ಮಂಡ್ಯದಲ್ಲಿ 124.80 ಎಂದರೆ ಏನೆಂದು ಯಾರಿಗೂ ವಿವರಿಸಬೇಕಿಲ್ಲ. ಕನ್ನಂಬಾಡಿ ಕಟ್ಟೆ ತುಂಬಿದಾಗಿನ ಮಟ್ಟ ಅದು, ಅಡಿಗಳಲ್ಲಿ. ಈ ಅಂಕಿಯನ್ನು ಒಂದು ಮೆಮೊರಿ ಚಿಪ್‌ನಲ್ಲಿ ಬರೆದಿಟ್ಟಿದ್ದೇವೆ ಎಂದುಕೊಳ್ಳಿ. ದಶಾಂಶದ ತೊಡಕು ಬೇಡವೆಂದು ನೂರರಿಂದ ಗುಣಿಸಿ 12480 ಮಾಡುತ್ತೇವೆ. 16 ಬಿಟ್‌ಗಳಲ್ಲಿ, ಅಂದರೆ 0 ಅಥವಾ 1 ಕೂರುವ 16 ಮನೆಗಳಲ್ಲಿ, ಅದು 0011000011000000.

ಇದರಲ್ಲಿ ಒಂದೇ ಒಂದು ಬಿಟ್ ಕೆಟ್ಟರೆ, ಅಂದರೆ 0 ಇದ್ದದ್ದು 1 ಅಥವಾ 1 ಇದ್ದದ್ದು 0 ಆದರೆ, ಏನಾಗುತ್ತದೆ? ಬಲತುದಿಯದು ಕೆಟ್ಟರೆ 124.81 ಎಂದು ಓದುತ್ತೇವೆ, ಯಾರಿಗೂ ನಷ್ಟವಿಲ್ಲ. ಎಡತುದಿಯದು ಕೆಟ್ಟರೆ 452.48. ಕನ್ನಂಬಾಡಿ ಕಟ್ಟೆ ಅಷ್ಟು ಎತ್ತರವೇ ಇಲ್ಲ, ಶಾಲೆಯ ಮಗುವೂ ತಪ್ಪೆಂದು ಹೇಳುತ್ತದೆ. ಎಡದಿಂದ ನಾಲ್ಕನೆಯದು ಕೆಟ್ಟರೆ ಮಾತ್ರ 83.84. ಈ ಅಂಕಿ ನನಗೆ ನಿಜವಾಗಿ ಭಯ ಹುಟ್ಟಿಸುತ್ತದೆ. ಮಳೆ ಕೈಕೊಟ್ಟ ವರ್ಷದ ಬೇಸಿಗೆಯಲ್ಲಿ ಯಾರಾದರೂ ಇದನ್ನು ಹೇಳಿದರೆ ನಾವೆಲ್ಲ ನಂಬಿಬಿಡುತ್ತೇವೆ.

ತಪ್ಪು ತಿದ್ದುವ ಸಂಕೇತಗಳ (ದತ್ತಾಂಶದ ಜೊತೆ ಒಂದಷ್ಟು ಹೆಚ್ಚುವರಿ ಬಿಟ್ ಬರೆದಿಟ್ಟು, ಕೆಟ್ಟದ್ದನ್ನು ಅವುಗಳಿಂದ ಸರಿಪಡಿಸುವ ವಿಧಾನಗಳ) ವಿಷಯದಲ್ಲಿ ನಾನು ಹಿಡಿದ ದಾರಿಯೆಲ್ಲ ಈ ಮೂರು ಅಂಕಿಗಳಿಂದ ಹೊರಟಿದ್ದು.

ನನ್ನ ಕೆಲಸ ಕಟ್ಟೆಯದಲ್ಲ, ಕೊಳವೆಬಾವಿಗಳದ್ದು. ಮದ್ದೂರು, ಪಾಂಡವಪುರದ ಸುತ್ತ ರೈತರ ಬಾವಿಗಳಲ್ಲಿ ನೀರು ಎಷ್ಟು ಅಡಿ ಕೆಳಗಿದೆ ಎಂದು ಹದಿನೈದು ನಿಮಿಷಕ್ಕೊಮ್ಮೆ ಅಳೆದು ಬರೆದಿಡುವ ಸಣ್ಣ ಯಂತ್ರ ಕಟ್ಟಿಕೊಡುತ್ತೇನೆ. ಅದು ಕೂರುವುದು ಬಯಲಿನ ತಗಡಿನ ಪೆಟ್ಟಿಗೆಯಲ್ಲಿ. ಫ್ಲ್ಯಾಶ್ ಮೆಮೊರಿ ಎಂದರೆ ಪುಟ್ಟ ಪುಟ್ಟ ಕೋಶಗಳಲ್ಲಿ ಹಿಡಿದಿಟ್ಟ ವಿದ್ಯುದಾವೇಶ. ಬಿಸಿ ಹೆಚ್ಚಿದಷ್ಟೂ ಅದು ಬೇಗ ಸೋರುತ್ತದೆ, ಬರೆದು ಅಳಿಸಿ ಕೋಶ ಸವೆದಷ್ಟೂ ಇನ್ನೂ ಬೇಗ. ಜೊತೆಗೆ ಕರೆಂಟಿನ ಕಾಟ. ಬರೆಯುತ್ತಿರುವಾಗಲೇ ಹೋದರೆ ಒಂದಷ್ಟು ಬೈಟ್‌ಗಳು (ಎಂಟು ಬಿಟ್ ಸೇರಿದರೆ ಒಂದು ಬೈಟ್) ಸಾಲಾಗಿ ಹಾಳು.

ಇಂಥ ತಪ್ಪನ್ನು ತಿದ್ದುವ ವಿದ್ಯೆ ಹೊಸದಲ್ಲ. ಅಮೆರಿಕದ ಗಣಿತಜ್ಞ ಹ್ಯಾಮಿಂಗ್ ತಮ್ಮ ಸಂಕೇತವನ್ನು ಪ್ರಕಟಿಸಿದ್ದು 1950ರಲ್ಲಿ, ರೀಡ್ ಮತ್ತು ಸಾಲೊಮನ್ 1960ರಲ್ಲಿ. ಆದರೆ ಸಾಮಾನ್ಯವಾಗಿ ಬಳಸುವ ರೀತಿಯಲ್ಲಿ ಇವು ಎಲ್ಲ ಬಿಟ್‌ಗಳನ್ನೂ ಒಂದೇ ಸಮ ಕಾಯುತ್ತವೆ. ಎಲ್ಲಕ್ಕೂ ಒಂದೇ ರಕ್ಷಣೆ ಬೇಕಿಲ್ಲ, ಮುಖ್ಯವಾದ ಬಿಟ್‌ಗೆ ಹೆಚ್ಚು ಕೊಡಬಹುದು ಎಂದು ಮ್ಯಾಸ್ನಿಕ್ ಮತ್ತು ವುಲ್ಫ್ ಎಂಬ ಸಂಶೋಧಕರು 1967ರಲ್ಲೇ ಗಣಿತದಲ್ಲಿ ತೋರಿಸಿದ್ದಾರೆ. ಯಾವುದು ಮುಖ್ಯ ಎಂಬುದನ್ನು ಮಾತ್ರ ನಾವೇ ಹುಡುಕಿಕೊಳ್ಳಬೇಕು.

ನನಗೆ ಅದನ್ನು ಹೇಳಿಕೊಟ್ಟವರು ರೈತರು. ಅವರು ಕೇಳುವುದು ಮಟ್ಟ ಎಷ್ಟು ಇಂಚು ಇಳಿಯಿತು ಎಂದಲ್ಲ. ಇನ್ನೊಂದು ಪೈಪು ಇಳಿಸಬೇಕಾ, ಈ ಸಲ ಭತ್ತ ಬಿಟ್ಟು ರಾಗಿ ಹಾಕಲಾ ಎಂದು. ಒಂದು ಪೈಪಿನ ಉದ್ದ 20 ಅಡಿ. ನನ್ನ 16 ಬಿಟ್‌ಗಳಲ್ಲಿ ಬಲದಿಂದ ಹನ್ನೆರಡನೆಯದರ ಬೆಲೆ 20.48 ಅಡಿ. ಅಂದರೆ ಆ ಒಂದು ಬಿಟ್ ಕೆಟ್ಟರೆ ಒಂದು ಪೈಪಿನ ದುಡ್ಡು, ಒಂದು ದಿನದ ಕೂಲಿ ಸುಮ್ಮನೆ ಹೋಯಿತು. ಬಲಗಡೆಯ ಎಂಟು ಬಿಟ್‌ಗಳು ಪೂರ್ತಿ ಕೆಟ್ಟರೂ ವ್ಯತ್ಯಾಸ 2.55 ಅಡಿ ದಾಟುವುದಿಲ್ಲ. ಪೈಪು ಇಳಿಸುವ ತೀರ್ಮಾನ ಅದರಿಂದ ಬದಲಾಗದು.

ಹಾಗಾಗಿ ಪ್ರತಿ ಅಳತೆಯನ್ನು ಮೇಲಿನ ಬೈಟ್ (ಎಡಗಡೆಯ ಎಂಟು ಬಿಟ್), ಕೆಳಗಿನ ಬೈಟ್ (ಬಲಗಡೆಯ ಎಂಟು) ಎಂದು ಒಡೆದೆ. ದಿನಕ್ಕೆ 96 ಅಳತೆ, ಆದ್ದರಿಂದ 96 ಮೇಲಿನವು, 96 ಕೆಳಗಿನವು. ತಿದ್ದುವುದಕ್ಕೆ ಒಟ್ಟು 32 ಹೆಚ್ಚುವರಿ ಬೈಟ್ ಇಡುವಷ್ಟು ಜಾಗವಿತ್ತು. ರೀಡ್-ಸಾಲೊಮನ್ ಲೆಕ್ಕದಲ್ಲಿ ಎರಡು ಹೆಚ್ಚುವರಿ ಬೈಟ್ ಇದ್ದರೆ ಒಂದು ತಪ್ಪು ಬೈಟ್ ಸರಿಹೋಗುತ್ತದೆ. ಸಮ ಹಂಚಿದರೆ ಎರಡೂ ಕಡೆ ಎಂಟೆಂಟು ತಪ್ಪು ತಿದ್ದಬಹುದು. ನಾನು ಮೇಲಿನವಕ್ಕೆ 24, ಕೆಳಗಿನವಕ್ಕೆ 8 ಕೊಟ್ಟೆ: ಮೇಲೆ 12 ತಪ್ಪು ತಿದ್ದಬಹುದು, ಕೆಳಗೆ ನಾಲ್ಕೇ. ಚಿಪ್‌ನೊಳಗೆ ಮಾತ್ರ ಎರಡೂ ಬಗೆಯ ಬೈಟ್‌ಗಳು ಒಂದು ಬಿಟ್ಟು ಒಂದರಂತೆ ಕೂತಿವೆ, ಸಾಲಾಗಿ ಎಂಟು ಬೈಟ್ ಹಾಳಾದರೂ ಮೇಲಿನವು ನಾಲ್ಕೇ ಸಿಕ್ಕಿಹಾಕಿಕೊಳ್ಳಲಿ ಎಂದು.

ಇದಕ್ಕಿಂತಲೂ ಮುಖ್ಯವಾದದ್ದು ಆ ದಿನದ ತಲೆಬರಹ: ಬಾವಿಯ ಸಂಖ್ಯೆ, ದಿನಾಂಕ, ಸೆನ್ಸರಿನ ಹೊಂದಾಣಿಕೆ ಅಂಕಿ. ಅಲ್ಲಿ ಒಂದು ಬಿಟ್ ಹೋದರೆ 96 ಅಳತೆಗಳೂ ಒಟ್ಟಿಗೆ ಹೋಗುತ್ತವೆ. ಅದನ್ನು ಮೂರು ಬೇರೆ ಬೇರೆ ಕಡೆ ಬರೆದು, ಓದುವಾಗ ಬಹುಮತ ನೋಡುತ್ತೇನೆ. ಜಾಗ ಉಳಿಸಲು ಹಿಂದಿನ ಅಳತೆಯಿಂದ ಇಷ್ಟು ವ್ಯತ್ಯಾಸ ಎಂದಷ್ಟೇ ಬರೆಯುವ ಪದ್ಧತಿಯೂ ಉಂಟು. ನಾನದನ್ನು ಬಿಟ್ಟೆ. ಅದರಲ್ಲಿ ಬೆಳಗಿನ ಒಂದು ತಪ್ಪು ರಾತ್ರಿಯವರೆಗೆ ಹರಿದು ಬರುತ್ತದೆ.

ಇನ್ನು 452.48ರಂಥ ತಪ್ಪು. ಅದರಿಂದ ಹಾನಿ ಇಲ್ಲದಿರುವುದಷ್ಟೇ ಅಲ್ಲ, ಉಪಕಾರವೂ ಇದೆ. ಸೆನ್ಸರ್ ಅನ್ನು 300 ಅಡಿಗೆ ಇಳಿಸಿದ್ದರೆ ಮೇಲಿನ ಬೈಟ್ 117 ಮೀರಲು ಸಾಧ್ಯವೇ ಇಲ್ಲ. ಮೀರಿದ ಬೈಟ್ ಕಂಡರೆ ತಪ್ಪು ಎಲ್ಲಿದೆ ಎಂಬುದು ಗೊತ್ತಾದಂತೆ. ಜಾಗ ಗೊತ್ತಿರುವ ತಪ್ಪಿಗೆ ಒಂದೇ ಹೆಚ್ಚುವರಿ ಬೈಟ್ ಸಾಕು, ಆದ್ದರಿಂದ ಅದೇ 24ರಲ್ಲಿ ಅಂಥವನ್ನು 24ರವರೆಗೂ ತಿದ್ದಬಹುದು. ಅಳಿಸಿದ ಮೇಲೆ ಏನೂ ಬರೆಯದೆ ಉಳಿದ ಫ್ಲ್ಯಾಶ್ ಬೈಟ್ 255 ಎಂದು ಓದುತ್ತದೆ. ಕರೆಂಟು ಹೋಗಿ ಅರ್ಧಕ್ಕೆ ನಿಂತ ಬರಹ ಹೀಗೆ ತಾನಾಗಿಯೇ ಸಿಕ್ಕಿಬೀಳುತ್ತದೆ. ಇಲ್ಲಿ ಉಳಿಸಿದ ಶಕ್ತಿಯೆಲ್ಲ 83.84ರಂಥ, ನಂಬುವ ಹಾಗೆ ಕಾಣುವ ಸುಳ್ಳಿಗೆ ಮೀಸಲು.

ಪರೀಕ್ಷೆಗೆ ಹಳೆಯ ದಾಖಲೆಗಳ ಪ್ರತಿ ತೆಗೆದು, ಬೇಕೆಂದೇ ಬಿಟ್‌ಗಳನ್ನು ಕೆಡಿಸಿ ಓದಿಸಿದೆ. ಎಷ್ಟು ಬಿಟ್ ತಪ್ಪು ಉಳಿದವು ಎಂದು ಎಣಿಸಿದರೆ ನನ್ನ ಹಂಚಿಕೆ ಸಮ ಹಂಚಿಕೆಗಿಂತ ಕೆಳಗೆ ನಿಲ್ಲುತ್ತದೆ. ಎಷ್ಟು ಅಡಿ ತಪ್ಪು ಎಂದು ಅಳೆದರೆ ಬಹಳ ಮುಂದೆ. ಈ ಕೆಲಸಕ್ಕೆ ಅಡಿಯೇ ಸರಿಯಾದ ಅಳತೆಗೋಲು ಎಂಬುದು ನನ್ನ ದೃಢವಾದ ಅಭಿಪ್ರಾಯ. ಬಿಟ್ ಎಣಿಕೆ ನೋಡಿ ಸಂಕೇತ ಆರಿಸುವವರು ಯಾರ ದತ್ತಾಂಶ ಕಾಯುತ್ತಿದ್ದೇವೆ ಎಂದು ಒಮ್ಮೆ ಕೇಳಿಕೊಳ್ಳಲಿ.

ಕೆಳಗಿನ ಬೈಟ್‌ಗಳು ತಿದ್ದಲಾಗದಷ್ಟು ಕೆಟ್ಟ ದಿನ, ಅಕ್ಕಪಕ್ಕದ ಅಳತೆ ನೋಡಿ ತುಂಬುವುದಿಲ್ಲ. ಮೇಲಿನ ಬೈಟ್‌ಗಳಿಗೆ ಬೇರೆಯೇ ಸಿ.ಆರ್.ಸಿ. (ದತ್ತಾಂಶ ಕೆಟ್ಟಿದೆಯೇ ಎಂದು ತೋರಿಸುವ ತಾಳೆ ಅಂಕಿ) ಇಟ್ಟಿರುವುದರಿಂದ ಅವು ಸರಿಯಿವೆಯೇ ಎಂದು ಪ್ರತ್ಯೇಕವಾಗಿ ತಿಳಿಯುತ್ತದೆ. ಸರಿಯಿದ್ದರೆ ರೈತರ ಮೊಬೈಲ್‌ಗೆ ಹೋಗುವ ಸಂದೇಶದಲ್ಲಿ ದಶಾಂಶ ತೆಗೆದು, ಅಡಿಯ ಮುಂದೆ ‘ಸುಮಾರು’ ಎಂದು ಸೇರಿಸುತ್ತೇನೆ.