ಸೌದೆಗೆ ಹೋದವರ ಲೆಕ್ಕ

ದಕ್ಷಿಣ ಸುಡಾನಿನಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯಲ್ಲಿದ್ದ ನನ್ನನ್ನು ಮಂಡ್ಯದ ಒಂದು ಕಾಲೇಜಿನಲ್ಲಿ ಮಾತಾಡಲು ಕರೆದಿದ್ದರು. ಹುಡುಗನೊಬ್ಬ ಎದ್ದು, "ಸರ್, ಆಫ್ರಿಕಾದಲ್ಲಿ ಎಷ್ಟು ಜನರನ್ನ ಹೊಡೆದ್ರಿ?" ಅಂತ ಕೇಳಿದ. ಒಬ್ಬರನ್ನೂ ಇಲ್ಲ ಅಂದೆ. ಅವನ ಮುಖ ಚಪ್ಪೆಯಾಯಿತು. "ಮತ್ತೆ ಏನ್ ಮಾಡ್ತಿದ್ರಿ?" ಗೇಟು ಕಾಯ್ತಿದ್ದೆ, ಸೌದೆಗೆ ಹೋಗೋ ಹೆಂಗಸರ ಹಿಂದೆ ನಡೀತಿದ್ದೆ ಅಂದೆ. ಹಾಲ್ ಪೂರ್ತಿ ನಕ್ಕಿತು. ಹತ್ತು ನಿಮಿಷದಲ್ಲಿ ಅವರಿಗೆ ವಿವರಿಸಲು ಆಗಲಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

ದಕ್ಷಿಣ ಸುಡಾನ್ ಸ್ವತಂತ್ರವಾಗಿದ್ದು 2011ರ ಜುಲೈ 9ರಂದು. ಎರಡೂವರೆ ವರ್ಷ ತುಂಬುವ ಮೊದಲೇ, 2013ರ ಡಿಸೆಂಬರ್ 15ರ ರಾತ್ರಿ, ರಾಜಧಾನಿ ಜುಬಾದಲ್ಲಿ ಗುಂಡಿನ ಸದ್ದು ಶುರುವಾಯಿತು. ಅಧ್ಯಕ್ಷ ಸಾಲ್ವಾ ಕೀರ್ ಕಡೆಯವರು ಒಂದು ಬದಿ, ಅವರೇ ವಜಾ ಮಾಡಿದ್ದ ಉಪಾಧ್ಯಕ್ಷ ರೀಕ್ ಮಚಾರ್ ಕಡೆಯವರು ಇನ್ನೊಂದು ಬದಿ. ಜನ ಜೀವ ಹಿಡಿದುಕೊಂಡು ವಿಶ್ವಸಂಸ್ಥೆಯ ಕ್ಯಾಂಪುಗಳ ಹತ್ತಿರ ಓಡಿ ಬಂದರು. ಗೇಟು ತೆಗೆದು ಒಳಗೆ ಬಿಟ್ಟುಕೊಂಡರು. ಆದರೆ ಬೇಲಿ ಅಂದರೆ ಕೋಟೆ ಅಲ್ಲ. ನಾಲ್ಕೇ ದಿನಕ್ಕೆ ಅಕೋಬೊ ಕ್ಯಾಂಪಿಗೆ ಸುಮಾರು ಎರಡು ಸಾವಿರ ಜನ ಆಯುಧ ಹಿಡಿದು ನುಗ್ಗಿದರು. ಒಳಗೆ ಆಸರೆ ಪಡೆದಿದ್ದವರ ಜೊತೆ ನಮ್ಮ ಭಾರತದ ಇಬ್ಬರು ಸೈನಿಕರೂ ತೀರಿಕೊಂಡರು.

ನಾನು ಸುಬೇದಾರ್ ಆಗಿ ಮಲಕಾಲ್‌ಗೆ ಹೋದದ್ದು 2014ರ ಮಳೆಗಾಲದಲ್ಲಿ. ಬಿಳಿ ನೈಲ್ ನದಿಯ ದಂಡೆಯ ಊರು. ಅಷ್ಟರಲ್ಲಿ ಎರಡೂ ಕಡೆಯವರು ಅದನ್ನು ಹಲವು ಸಲ ಗೆದ್ದು, ಹಲವು ಸಲ ಬಿಟ್ಟು ಹೋಗಿದ್ದರು. ನೆಲ ಪೂರ್ತಿ ಎರೆಮಣ್ಣು. ನಾಲ್ಕು ಹೆಜ್ಜೆ ಇಟ್ಟರೆ ಬೂಟಿಗೆ ಎರಡು ಕೆಜಿ ಮಣ್ಣು ಮೆತ್ತುತ್ತಿತ್ತು. ನಮ್ಮ ಮದ್ದೂರು ಕಡೆಯ ನಾಟಿ ಗದ್ದೆಯಲ್ಲಿ ಬೆಳೆದ ನನಗೇ ಸಾಕಾಗಿಹೋಯಿತು. ನಮ್ಮ ಕ್ಯಾಂಪಿನೊಳಗೆ ಆ ಕೆಸರಿನ ಮೇಲೆ ಟಾರ್ಪಾಲು ಕಟ್ಟಿಕೊಂಡು ಸಾವಿರಾರು ಸಂಸಾರಗಳು.

ನಮ್ಮಲ್ಲಿ ನಿರಾಶ್ರಿತರು ಅಂದರೆ ಬೈಲುಕುಪ್ಪೆಯ ಟಿಬೆಟಿಯನ್ನರು ನೆನಪಾಗುತ್ತಾರೆ, ಅಲ್ವಾ? ಕಾನೂನಿನ ಲೆಕ್ಕದಲ್ಲಿ ದೇಶದ ಗಡಿ ದಾಟಿದವರು ಮಾತ್ರ ನಿರಾಶ್ರಿತರು. ಅಂಥವರಿಗೆ 1951ರ ಒಪ್ಪಂದ ಅಂತ ಒಂದಿದೆ. ಮಲಕಾಲ್‌ನವರು ತಮ್ಮ ಮನೆಯಿಂದ ಅರ್ಧ ಗಂಟೆ ನಡೆದು ಬಂದಿದ್ದರು, ಅಷ್ಟೇ. ಗಡಿ ದಾಟಿರಲಿಲ್ಲ, ಹಾಗಾಗಿ ಆ ಒಪ್ಪಂದದ ಲೆಕ್ಕಕ್ಕೆ ಅವರು ಬರುತ್ತಿರಲಿಲ್ಲ.

ಗೇಟಿನಲ್ಲಿ ಮೊದಲ ನಿಯಮ, ಆಯುಧ ಒಳಗೆ ಬರಬಾರದು. ಹೇಳಲು ಸುಲಭ. ಹೋರಾಡುತ್ತಿದ್ದವನೇ ಬಂದೂಕು ಬಿಸಾಕಿ ಬಂದರೆ? ಓಡಿಸಿದರೆ ಅವನು ಉಳಿಯುವುದಿಲ್ಲ. ಜನರ ನಡುವೆ ಬಿಟ್ಟರೆ ಅವನನ್ನು ಹುಡುಕಿಕೊಂಡು ಇನ್ನೊಂದು ಕಡೆಯವರು ಕ್ಯಾಂಪಿಗೇ ಬರುತ್ತಾರೆ. ಅದಕ್ಕೆ ಆಯುಧ, ಸಮವಸ್ತ್ರ ಎರಡನ್ನೂ ತೆಗೆಸಿ, ಹೆಸರು ಬರೆದುಕೊಂಡು, ಬೇರೆ ಜಾಗದಲ್ಲಿ ಇಡಬೇಕು. ಒಬ್ಬ ಎಲ್ಲ ಕೊಟ್ಟ, ಬೂಟು ಮಾತ್ರ ಬಿಚ್ಚಲೊಲ್ಲ. ಮಿಲಿಟರಿ ಬೂಟು ನೋಡಿದರೆ ಯಾರಿಗಾದರೂ ಗೊತ್ತಾಗುತ್ತದೆ. ನಮ್ಮ ಹುಡುಗನೊಬ್ಬ ತಾಳ್ಮೆಗೆಟ್ಟು ಕೈ ಎತ್ತಿದ. ನಾನು ಅವನ ತೋಳು ಹಿಡಿದೆ. 1949ರ ಜಿನೀವಾ ಒಪ್ಪಂದಗಳ 3ನೇ ವಿಧಿ ಅಂತರ್ಯುದ್ಧಕ್ಕೂ ಅನ್ವಯಿಸುತ್ತದೆ. ಆಯುಧ ಕೆಳಗಿಟ್ಟವನನ್ನು ಕೊಲ್ಲಬಾರದು, ಹಿಂಸಿಸಬಾರದು, ಅವಮಾನ ಮಾಡಬಾರದು ಅನ್ನುತ್ತದೆ. ಟ್ರೇನಿಂಗ್‌ನಲ್ಲಿ ಆ ಪಾಠ ನಡೆಯುವಾಗ ನಾನೇ ತೂಕಡಿಸಿದ್ದೆ. ಕೊನೆಗೆ ನನ್ನ ಹಳೇ ಹವಾಯಿ ಚಪ್ಪಲಿ ತಂದು ಮುಂದಿಟ್ಟೆ. ಬರಿಗಾಲಲ್ಲಿ ಕೆಸರಿಗಿಳಿಯಲು ಅವನಿಗೆ ಹೆದರಿಕೆ ಇತ್ತು, ನಾವು ಅದನ್ನು ಸುಮ್ನೆ ಹಟ ಅಂದುಕೊಂಡಿದ್ದೆವು.

ಇನ್ನು ಸೌದೆ. ರೇಷನ್ನಿನಲ್ಲಿ ಜೋಳ ಸಿಗುತ್ತಿತ್ತು. ಅದನ್ನು ಬೇಯಿಸಲು ಸೌದೆ ಬೇಕು, ಸೌದೆ ಇದ್ದದ್ದು ಬೇಲಿಯಾಚೆ. ಗಂಡಸರು ಹೋದರೆ ಕೊಲ್ಲುತ್ತಾರೆ ಅಂತ ಹೆಂಗಸರೇ ಹೋಗುತ್ತಿದ್ದರು. ಅವರಿಗೆ ಏನಾಗುತ್ತಿತ್ತು ಅಂತ ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ. ಆ ವರ್ಷ ಮೇ 27ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ 2155ನೇ ನಿರ್ಣಯ ಮಾಡಿ, ನಾಗರಿಕರ ರಕ್ಷಣೆಯನ್ನು ನಮ್ಮ ಕೆಲಸಗಳಲ್ಲಿ ಮೊದಲಿಗೆ ಇಟ್ಟಿತ್ತು. ಹೆಂಗಸರು ಎಷ್ಟು ಗಂಟೆಗೆ ಸೌದೆಗೆ ಹೊರಡುತ್ತಾರೆ ಅಂತ ಅದರಲ್ಲಿ ಬರೆದಿರಲಿಲ್ಲ. ನಾನೂ ಕೇಳಿರಲಿಲ್ಲ.

ಡ್ಯೂಟಿ ಬದಲಾಗುವ ಹೊತ್ತು ಅನುಕೂಲ ಅಂತ ಬೆಳಗ್ಗೆ ಒಂಬತ್ತಕ್ಕೆ ಗಸ್ತು ಇಟ್ಟೆ. ಮೂರು ದಿನ ಒಬ್ಬರೂ ಬರಲಿಲ್ಲ. ಇವರಿಗೆ ಬೇಡವೇನೋ ಅಂದುಕೊಂಡೆ. ನಾಲ್ಕನೇ ದಿನ ಒಬ್ಬಳು ಸೌದೆ ಇಲ್ಲದೆ, ಹರಿದ ಬಟ್ಟೆಯಲ್ಲಿ ವಾಪಸ್ ಬಂದಳು. ಅವಳನ್ನು ಆಸ್ಪತ್ರೆಗೆ ಕರೆದೊಯ್ದರು. ಅವಳು ಹೊರಟಿದ್ದು ಐದೂವರೆಗೆ. ಬಿಸಿಲೇರುವ ಮೊದಲು ಹೊರೆ ಹೊತ್ತು ಬರಬೇಕಲ್ಲ. ನಮ್ಮಮ್ಮನೂ ಸೌದೆಗೆ ಹೋಗುತ್ತಿದ್ದುದು ಅದೇ ಹೊತ್ತಿಗೆ. ಇಷ್ಟು ಗೊತ್ತಿದ್ದೂ ಡ್ಯೂಟಿ ಪಟ್ಟಿ ನೋಡಿ ಟೈಮ್ ಇಟ್ಟವನು ನಾನು. ಈ ತಪ್ಪು ನನ್ನದೇ.

ಅಲ್ಲಿಯವರೆಗೆ ಕ್ಯಾಂಪಿನ ಹಿರಿಯರ ಜೊತೆ ಮಾತ್ರ ಸಭೆ ಮಾಡುತ್ತಿದ್ದೆವು. ಅವರೆಲ್ಲ ಗಂಡಸರು. ಸೌದೆಗೆ ಅವರು ಹೋಗುವುದೇ ಇಲ್ಲ! ನಮ್ಮ ದುಭಾಷಿ, ಸ್ಥಳೀಯ ಮೇಷ್ಟ್ರು, ತನ್ನ ಅಕ್ಕನನ್ನು ಕರೆತಂದ. ಆಕೆ ಇನ್ನೂ ಏಳೆಂಟು ಜನರನ್ನು ಕೂಡಿಸಿದಳು. ಕಡ್ಡಿಯಿಂದ ನೆಲದಲ್ಲಿ ದಾರಿ ಗೀಚಿ ತೋರಿಸಿದರು. ಇಲ್ಲಿ ಹುಲ್ಲು ಆಳೆತ್ತರ, ಇಲ್ಲಿ ಬಂದೂಕಿನವರು ಕೂರುತ್ತಾರೆ, ಈ ಕಡೆ ನೀವು ಮುಂದೆ ಹೋಗಿ ನಿಲ್ಲಿ. ಯಾವ ನಕ್ಷೆಯಲ್ಲೂ ಇಲ್ಲದ ಮಾಹಿತಿ.

ಮಾರನೇ ವಾರದಿಂದ ಐದೂವರೆಗೆ ಹೊರಟೆವು. ಹೋಗುವಾಗ ಎಣಿಸುವುದು, ಬರುವಾಗ ಎಣಿಸುವುದು. ಒಂದು ದಿನ 64 ಜನ ಹೋಗಿ 63 ಜನ ಬಂದರು. ನನ್ನ ಎದೆ ಧಸಕ್ಕೆಂದಿತು. ಎರಡು ಗಂಟೆ ಆ ಕೆಸರಲ್ಲಿ ಹುಡುಕಿದೆವು. ಆಕೆ ಇನ್ನೊಂದು ಗೇಟಿನಿಂದ ಒಳಗೆ ಬಂದು, ಆಗಲೇ ಒಲೆ ಹಚ್ಚಿ ಗಂಜಿ ಕಾಯಿಸುತ್ತಿದ್ದಳು. ಸೊಂಟದವರೆಗೂ ಮಣ್ಣಾಗಿದ್ದ ನನ್ನನ್ನು ನೋಡಿ ಜೋರಾಗಿ ನಕ್ಕಳು. ಮರುದಿನ ಹೆಂಗಸರೇ ಎಂಟೆಂಟು ಜನರ ಗುಂಪು ಮಾಡಿಕೊಂಡರು. ಗುಂಪಿಗೊಬ್ಬಳು ಗೇಟಿನಲ್ಲಿ ನಿಂತು ತನ್ನವರ ಲೆಕ್ಕ ಕೂಗಿ ಹೇಳುತ್ತಿದ್ದಳು. ನಾನು ಬರೆದುಕೊಳ್ಳುತ್ತಿದ್ದೆ.